ಗೋಡೆಗೆ ಬಿಟ್ಟ ಅರ್ಧ ಇಂಚು

ಹಲೋ... ಯಾರು ಮಾತಾಡ್ತಿರೋದು? ನೀನೇನಾ? ಧ್ವನಿ ಯಾಕೆ ಹೀಗಿದೆ? ... ಓ, ಶೀತಾನಾ. ನಾನು ಕಣೇ, ನಿಮ್ಮತ್ತೆ. ಲೈಬ್ರರಿ ಸ್ಟೋರ್ ರೂಮಲ್ಲಿದೀನಿ...

...ಜೋರಾಗಿ ಮಾತಾಡೋಕಾಗಲ್ಲ, ಚಿಲಕ ಹಾಕೊಂಡು ಕೂತಿದೀನಿ. ಹೊರಗೆ ಹನ್ನೆರಡು ಜನ ಬಂದಿದಾರೆ. ಇನ್ನು ಹತ್ತು ನಿಮಿಷಕ್ಕೆ ಅವರಿಗೆ ಗೇಮ್ ಮಾಡೋದು ಹೇಳಿಕೊಡೋ ನನ್ನ ಕ್ಲಾಸು ಶುರು. ಇಲ್ಲಿ ಲ್ಯಾಪ್‌ಟಾಪಲ್ಲಿ ನೋಡಿದ್ರೆ ನಾನು ಮಾಡಿದ ಗೇಮಿನ ಗೊಂಬೆ ಮೊದಲನೇ ಕೋಣೇಲೇ ಸಿಕ್ಕಾಕೊಂಡಿದೆ...

...ಹಾಂ, ಬಾಗಿಲು ತೆರೆದೇ ಇದೆ. ಕಣ್ಣಿಗೆ ಕಾಣ್ತಿದೆ. ಆದ್ರೆ ದಾಟ್ತಿಲ್ಲ, ಹೊಸ್ತಿಲಲ್ಲಿ ನಿಂತು ಸುಮ್ನೆ ಕಾಲು ಆಡಿಸ್ತಿದೆ...

...ಮೊನ್ನೆವರೆಗೂ ಚೆನ್ನಾಗೇ ಓಡ್ತಿತ್ತು. ನಿನ್ನೆ ಗೋಡೆಗಳನ್ನೆಲ್ಲ ಹೊಸದಾಗಿ ಬರೆದು ಹಾಕಿದೆ. ಬಣ್ಣ ನೋಡಿ ಖುಷಿಪಟ್ಟೆ, ಆಡಿ ನೋಡ್ಲಿಲ್ಲ. ... ಬೈಬೇಡ್ವೇ, ಆಮೇಲೆ ಬೈ...

...ಅಳತೇನಾ? ಸರಿಯಾಗೇ ತಗೊಂಡಿದೀನಮ್ಮ, ಹತ್ತೊಂಬತ್ತು ವರ್ಷದಿಂದ ಟೈಲರ್ ನಾನು. ಪ್ರತಿ ಗೋಡೆಗೂ ಸುತ್ತ ಅರ್ಧ ಇಂಚು ಬಿಟ್ಟಿದೀನಿ. ... ಯಾಕೆ ಅಂದ್ರೆ? ಎರಡು ತುಂಡು ಕೂಡಿಸೋವಾಗ ಹೊಲಿಗೆಗೆ ಅಂತ ಬಿಡಲ್ವಾ? ಅದು ಒಳಗೆ ಹೋಗೋ ಭಾಗ, ಹೊರಗೆ ಕಾಣಲ್ಲ ಅಂತ ಬಣ್ಣಾನೂ ಹಾಕ್ಲಿಲ್ಲ...

...ನಗ್ತಿದೀಯಾ? ... ಏನು? ಬಣ್ಣ ಇಲ್ದಿದ್ರೂ ಅದು ಗೋಡೆನೇನಾ? ಎರಡೂ ಕಡೆಯಿಂದ ಬಾಗಿಲಿಗೆ ಅಡ್ಡ ಬಂದಿದೆಯಾ? ... ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಹಾಕ! ಹದಿನಾಲ್ಕು ಕೋಣೇನೂ ಹಾಗೇ ಮಾಡಿಟ್ಟಿದೀನಲ್ಲೇ...

ಬಂದೆ ಮೇಡಂ! ಎರಡೇ ನಿಮಿಷ! ... ಲೈಬ್ರರಿ ಮೇಡಂ, ಬಾಗಿಲು ಬಡೀತಿದಾರೆ...

...ಬೇಡ, ನೀನು ವಿಡಿಯೋದಲ್ಲಿ ಬಂದು ಪಾಠ ಮಾಡೋದು ಬೇಡ. ಹೊರಗೆ ಬೋರ್ಡಲ್ಲಿ ಏನು ಬರೆದಿದೆ ಗೊತ್ತಾ? ಗೇಮ್ ಮಾಡೋಕೆ ಪ್ರೋಗ್ರಾಮಿಂಗ್ ಬರಬೇಕಿಲ್ಲ ಅಂತ. ನಾನೇ ಬರೆಸಿದ್ದು. ಅದನ್ನ ನಂಬ್ಕೊಂಡು ಬಂದಿದಾರೆ. ವಾಚ್ ರಿಪೇರಿಯವರೊಬ್ರು ಅಂಗಡಿ ಮುಚ್ಚಿ ಬಂದಿದಾರೆ. ಈಗ ನಿನ್ನಂಥ ಪ್ರೋಗ್ರಾಮರ್ ಬಂದು ಸರಿ ಮಾಡಿದ್ರೆ, ಪ್ರೋಗ್ರಾಮಿಂಗ್ ಬರೋರಿಗೆ ಮಾತ್ರ ಇದು ಆಗುತ್ತೆ ಅಂತ ಎದ್ದು ಹೋಗ್ತಾರೆ, ಅಲ್ವಾ? ಅಲ್ವಾ ಹೇಳು...

...ಇರು, ಪೂರ್ತಿ ಕೇಳು. ನಂಗೆ ಅಳು ಬರ್ತಿರೋದು ಅದಕ್ಕಲ್ಲ. ಈ ಕ್ಲಾಸ್ ತಗೊಳ್ಳೋಕೆ ಲೈಬ್ರರಿಗೆ ಕೊಟ್ಟ ಅರ್ಜೀಲಿ ಪ್ರೋಗ್ರಾಮಿಂಗ್ ಬರುತ್ತಾ ಅಂತ ಒಂದು ಪ್ರಶ್ನೆ ಇತ್ತು. ಹೌದು ಅಂತ ಬರೆದ್ಬಿಟ್ಟೆ...

...ಮತ್ತೇನು ಮಾಡ್ಲಿ! ಇಲ್ಲ ಅಂದಿದ್ರೆ ಕರೀತಿದ್ರಾ? ಇವತ್ತು ಚೆನ್ನಾಗಿ ಆದ್ರೆ ಪ್ರತಿ ಶನಿವಾರ ಕ್ಲಾಸ್ ನಂದೇ. ಆಗ್ಲಿಲ್ವೋ, ನಾಳೆಯಿಂದ ಮತ್ತೆ ಅದೇ ಅಂಗಡಿ, ಅದೇ ಸ್ಟೂಲು, ಊರವರ ಪ್ಯಾಂಟು ಗಿಡ್ಡ ಮಾಡ್ತಾ ಕೂರೋದು. ನಂಗೆ ಸಾಕಾಗಿದೆ ಕಣೇ, ನಿಜವಾಗ್ಲೂ ಸಾಕಾಗಿದೆ...

...ಹಾಂ? ಎಲ್ಲಿ ತಪ್ಪಾಯ್ತು ಅಂತ ಹುಡುಕೋದೇ ನಿನಗೂ ದಿನಾ ಕೆಲಸಾನಾ? ಅರ್ಧ ಪ್ರೋಗ್ರಾಮಿಂಗ್ ಅದೇನಾ? ... ಸಮಾಧಾನಕ್ಕೆ ಹೇಳ್ತಿಲ್ಲ ತಾನೇ? ... ಅಯ್ಯೋ, ಹಾಗಾದ್ರೆ ಪ್ರೋಗ್ರಾಮಿಂಗ್ ಬೇಕಿಲ್ಲ ಅಂತ ಬೋರ್ಡಲ್ಲಿರೋದೂ ಸುಳ್ಳಾಯ್ತಲ್ಲೇ!...

...ಆಯ್ತು. ಒಂದು ಕೋಣೆ ಮಾತ್ರ ಸರಿ ಮಾಡು ಅಂತೀಯಾ? ... ಇಲ್ಲ, ಮುಟ್ಟಲ್ಲ. ಹೇಗಿದೆಯೋ ಹಾಗೇ ತೋರಿಸ್ತೀನಿ. ಮೊದಲು ಮೇಡಂಗೆ ಆ ಅರ್ಜಿ ಮಾತು ಹೇಳ್ಬೇಕು. ನೀನು ಫೋನ್ ಇಡ್ಬೇಡ, ಕೇಳ್ತಾ ಇರು. ಚಿಲಕ ತೆಗೀತಿದೀನಿ...

...ಮೇಡಂ, ಒಂದು ನಿಮಿಷ. ನಂಗೆ ಪ್ರೋಗ್ರಾಮಿಂಗ್ ಬರಲ್ಲ. ಅರ್ಜೀಲಿ ಬರೆದಿದ್ದು ಸುಳ್ಳು. ಗೇಮೂ ಕೆಟ್ಟಿದೆ. ಯಾಕೆ ಕೆಟ್ಟಿದೆ ಅಂತ ಮಾತ್ರ ಗೊತ್ತು...

...ಹಾಂ? ... ಅಷ್ಟೇನಾ ಮೇಡಂ? ...

...ಕೇಳಿಸ್ತೇನೇ? ‘ಅದನ್ನೇ ಹೇಳಿಕೊಡಿ, ಬನ್ನಿ’ ಅಂತಿದಾರೆ. ಬೇರೇನೂ ಕೇಳ್ಲೇ ಇಲ್ಲ. ಹನ್ನೆರಡು ಜನಾನೂ ಈ ಕಡೆ ತಿರುಗಿ ನೋಡ್ತಿದಾರೆ. ಈಗ ಭಯ ಆಗ್ತಿದೆ ಕಣೇ, ಹೇಳೋಕೆ ಒಂದು ನೆಪಾನೂ ಉಳಿದಿಲ್ಲ, ನಾನು ಹೋಗಲೇಬೇಕು...