ಅತ್ತಿಗೆ ಎದ್ದು ಹೋದರೆ ನಿಲ್ಲುವ ಗಿಟಾರ್

ಇದು ಕಟ್ಟುಕತೆಯಲ್ಲ. ನಡೆದದ್ದು ನನ್ನ ಚಿಕ್ಕಮ್ಮನ ಮಗನಿಗೆ. ಹಳೇ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡ್ತಾನೆ. ಎಲ್ಲರಿಗೂ ಅವನು ಬೆಸುಗೆಯಣ್ಣ. ದೇವರನ್ನೂ ನಂಬ, ದೆವ್ವವನ್ನೂ ನಂಬ. ನಂಬೋದು ಮೀಟರಿನ ಮುಳ್ಳನ್ನು ಮಾತ್ರ.

ಒಂದು ರಾತ್ರಿ ಅಂಗಡಿ ಮುಚ್ಚಿ, ಹಳೇ ಬಾವಿಯ ದಾರಿಯಲ್ಲಿ ಮನೆಗೆ ಹೊರಟಿದ್ದ. ಅಂಗಿ ಜೇಬಿನಲ್ಲಿ ಬಟ್ಟೆ ಸುತ್ತಿದ ಒಂದು ಗಿಟಾರ್ ಪಿಕಪ್. ಬಾವಿಕಟ್ಟೆ ಹತ್ತಿರವಾಯಿತು... ಜೇಬಿನೊಳಗೆ ಸಣ್ಣಗೆ ಒಂದು ಸ್ವರ ಎದ್ದಿತು. "ಊಂ... ಞಂಯ್" ಅಂತ ಕೆಳಗಿಂದ ಮೇಲಕ್ಕೆ ಜಾರಿತು. ಅವನು ನಿಂತ. ಅದು ನಿಲ್ಲಲಿಲ್ಲ.

ಅದು ಜೇಬಿಗೆ ಬಂದ ಕತೆ ಮೊದಲು ಕೇಳಿ. ಬಾವಿ ಪಕ್ಕದ ಮನೆಯ ವಾದ್ಯಗಾರ ತೀರಿಹೋಗಿದ್ದ, ಜ್ವರದಲ್ಲಿ. ಅವನದೊಂದು ಹಳೇ ಪೆಡಲ್ ಸ್ಟೀಲ್ ಗಿಟಾರ್. ಮೇಜಿನ ಹಾಗೆ ಕಾಲ ಮೇಲೆ ನಿಲ್ಲುತ್ತೆ. ಮುಂದೆ ಕೂತು ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಬೇಕು, ಕೆಳಗೆ ಪೆಡಲ್ ಒತ್ತಬೇಕು. ತಂತಿಗಳ ಅಡಿಯಲ್ಲಿ ಪಿಕಪ್, ಅಂದರೆ ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಸುರುಳಿ. ಅದು ಕೆಟ್ಟರೆ ಆಂಪ್ಲಿಫೈಯರ್ ಮೂಗ.

ಅವನ ತಮ್ಮ ಈಗ ಅಣ್ಣನ ಜಾಗದಲ್ಲಿ ನುಡಿಸುತ್ತಿದ್ದ. ಆದರೆ ಸದ್ದು ಬರ್ತಿತ್ತು, ಹೋಗ್ತಿತ್ತು. ಅತ್ತಿಗೆ, ಅಂದರೆ ತೀರಿಹೋದವನ ಹೆಂಡತಿ, ಕೋಣೆಯಲ್ಲಿದ್ದರೆ ಬರುತ್ತೆ. ಅವಳು ಎದ್ದು ಹೋದರೆ... ಟಪ್.

"ಅತ್ತಿಗೇದೇ ಏನೋ ಕಿತಾಪತಿ," ಅಂದ ತಮ್ಮ, ಗಿಟಾರ್ ಹೊತ್ತು ಇಬ್ಬರೂ ಬೆಸುಗೆಯಣ್ಣನ ಅಂಗಡಿಗೆ ಬಂದಾಗ, ಅವಳೆದುರೇ. "ನಾನು ನುಡಿಸೋದು ಅವರಿಗೆ ಇಷ್ಟ ಇಲ್ಲ. ಅವರ ಕೈವಾಡ ಅಂತ ಗೊತ್ತಾದ್ರೆ, ನಮ್ಮನೇಲಿ ಅವರಿಗೆ ಜಾಗ ಇಲ್ಲ ಅಷ್ಟೆ."

ಹೆಣ್ಣುಮಗಳೊಬ್ಬಳ ನೆಲೆ ತನ್ನ ಮಾತಿನ ಮೇಲೆ ನಿಂತಿದೆ ಅಂತ ಗೊತ್ತಾಗಿ ಬೆಸುಗೆಯಣ್ಣನಿಗೆ ಸಂಕಟವಾಯಿತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ. ಕೇಬಲ್ ಬದಲಿಸಿದ. ವಾಲ್ಯೂಮ್ ಪೆಡಲ್ ಬಿಟ್ಟು ನೇರ ಜೋಡಿಸಿದ. ಸ್ಕ್ರೂಡ್ರೈವರಿನ ಹಿಡಿಯಿಂದ ಟಕ್ ಟಕ್ ಅಂತ ಎಲ್ಲ ಕಡೆ ತಟ್ಟಿದ. ಸದ್ದು ಎಲ್ಲೂ ಕಡಿಯಲಿಲ್ಲ. ಅವಳು ಬಾಗಿಲಾಚೆ ಹೋದಳು. ಟಪ್... ಒಳಗೆ ಬಂದಳು. "ಞಂಯ್..."

ಈಗ ಅವನಿಗೂ ಅನುಮಾನ ಹತ್ತಿತು.

"ಅಕ್ಕ, ಕೈಯಲ್ಲೇನಿದೆ?"

ಅವಳು ಎರಡೂ ಅಂಗೈ ಬಿಡಿಸಿ ತೋರಿಸಿದಳು. ಏನೂ ಇರಲಿಲ್ಲ.

ಆಮೇಲೆ ಅವನಿಗೆ ಇಬ್ಬರ ಮೇಲೂ ನಂಬಿಕೆ ಬರಲಿಲ್ಲ. ಅಂಗಡಿಯಲ್ಲಿಟ್ಟರೆ ಯಾರಾದರೂ ಬದಲಾಯಿಸಿಯಾರು ಅಂತ ಪಿಕಪ್ ಕಳಚಿ ಜೇಬಿಗಿಟ್ಟುಕೊಂಡ.

ಹಾಗೆ ಆ ರಾತ್ರಿ, ಆ ಬಾವಿಕಟ್ಟೆ... ಆ ಸ್ವರ... ತಲೆಯೆತ್ತಿ ನೋಡಿದರೆ ಕಟ್ಟೆಯ ಮೇಲೆ ಅವಳೇ ಕೂತಿದ್ದಳು.

"ಅಣ್ಣಾ..." ಪಿಸುಗುಟ್ಟಿದಳು. "ಅದನ್ನ ಬಿಚ್ಚಬೇಡಿ."

"ಯಾಕೆ?"

ಅವಳು ಮುಖ ತಿರುಗಿಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತಲ್ಲ ಅಂದುಕೊಂಡು ಅವನು ಸರಸರ ನಡೆದ. ತಿರುವು ದಾಟಿದ ಮೇಲೆ ಜೇಬು ಸುಮ್ಮನಾಯಿತು.

ಮನೆಗೆ ಹೋದವನೇ ಬಿಚ್ಚಿದ. ಒಳಗಿನ ತಂತಿ ಹಸಿರುಗಟ್ಟಿ, ಮುಟ್ಟಿದಲ್ಲೆಲ್ಲ ಪುಡಿಯಾಗುತ್ತಿತ್ತು. ಮೀಟರ್ ಹಿಡಿದ. ಮುಳ್ಳು ಮಿಸುಕಲಿಲ್ಲ. ಸದ್ದು ಯಾಕೆ ನಿಲ್ಲುತ್ತೆ ಅಂತ ಇಷ್ಟು ಹೊತ್ತು ತಲೆ ಕೆಡಿಸಿಕೊಂಡಿದ್ದ. ಆ ಸುರುಳಿ ಎಂದೋ ಸತ್ತಿತ್ತು. ಅದರಿಂದ ಸದ್ದು ಬಂದದ್ದಾದರೂ ಹೇಗೆ?

ಯಾರಿಗೂ ಹೇಳಲಿಲ್ಲ. ಹೊಸ ತಂತಿ ಸುತ್ತಿ ಕೂರಿಸಿದ. ತಮ್ಮನಿಗೆ ಕೊಳೆತ ತಂತಿ ತೋರಿಸಿ, "ದೋಷ ಇದರದ್ದು ಕಣಯ್ಯಾ. ನಿಮ್ಮತ್ತಿಗೆ ತಂಟೆಗೆ ಹೋಗಬೇಡ," ಅಂದ. ತಮ್ಮ ತಲೆ ತಗ್ಗಿಸಿ, ಅತ್ತಿಗೆಯ ಹತ್ತಿರ ತಪ್ಪಾಯ್ತು ಅಂದ. ಗಿಟಾರ್ ಈಗ ನಿಲ್ಲದೆ ನುಡಿಯಿತು. ಅವಳು ಹೊರಗೆ ಹೋದರೂ ನುಡಿಯಿತು. ಅದನ್ನು ಕೇಳಿ ಅವಳ ಮುಖ ಮಾತ್ರ ಬಾಡಿಹೋಯಿತು.

"ಆ ಹಳೇ ತಂತಿ... ಎಸೆದುಬಿಟ್ರಾ ಅಣ್ಣಾ?"

ಅವನು ಅದನ್ನೊಂದು ಬೆಂಕಿಪೊಟ್ಟಣಕ್ಕೆ ತುಂಬಿ ಕೊಟ್ಟ. ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಕೆಲವು ತಿಂಗಳಾದ ಮೇಲೆ ಪೆಡಲ್ ಸವೆದು ಗಿಟಾರ್ ಮತ್ತೆ ಅವನ ಅಂಗಡಿಗೆ ಬಂತು. ತಂತಿಗಳನ್ನೆಲ್ಲ ಕಳಚಿ, ಗಿಟಾರನ್ನು ಒಳಗೇ ಬಿಟ್ಟು ಬೀಗ ಹಾಕಿ, ಅದೇ ದಾರಿಯಲ್ಲಿ ಮನೆಗೆ ಹೊರಟ. ಬಾವಿ ಪಕ್ಕದ ಆ ಮನೆಯ ಕಿಟಕಿಯಲ್ಲಿ ದೀಪವಿತ್ತು. ಒಳಗಿಂದ "ಊಂ... ಞಂಯ್..." ಜಾರುತ್ತಿತ್ತು, ಎಲ್ಲೂ ಕಡಿಯದೆ. ಕಿಟಕಿಯ ಹಲಗೆ ಮೇಲೆ ಆ ಬೆಂಕಿಪೊಟ್ಟಣ.

ಆಮೇಲೆ ಅವಳ ದನಿ, ಮೆಲ್ಲಗೆ. "ಸಾಕು ಕಣ್ರೀ... ಹೊತ್ತಾಯ್ತು. ಮಲಗಿ ಇನ್ನು."

ಟಪ್.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಸುಳ್ಳು ಹೇಳಿ ಅವನಿಗೇನಾಗಬೇಕು? ಅಂಗಡಿಯ ಬೀಗದಕೈ ಆಗಲೂ ಅವನ ಮುಷ್ಟಿಯಲ್ಲೇ ಇತ್ತು.