ತೇಲಬೇಕಾದ ಕಲ್ಲು

...ಅಲ್ಲಮ್ಮಾ ಎಸಿನಾಮ್, ಕಾಂಕ್ರೀಟು ಗಟ್ಟಿ ಬಂತು ಅಂತ ಕಂಟ್ರಾಕ್ಟರನ್ನ ಕರೆಸಿ ಬೈಯೋ ಲ್ಯಾಬು ಇಡೀ ಘಾನಾದಲ್ಲಿ ಇದೊಂದೇ ಇರಬೇಕು! ಮೆತ್ತಗಿದ್ರೆ ಕಳ್ಳ ಅಂತೀರಿ. ಗಟ್ಟಿ ಇದ್ರೆ... ಏನಂತೀರಿ? ಮಹಾ ಕಳ್ಳ?

ಯಾಕೆ ನಗ್ತೀಯ? ನಾನೇನು ತಮಾಷೆ ಮಾಡ್ತಿಲ್ಲ.

ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟು ಗಟ್ಟಿ ಅಂತೆ! ಹಾಗಾದ್ರೆ ನನ್ ಕೊರಳಿಗೆ ಹಾರ ಹಾಕು. ಇಲ್ಲಾ, ನಿನ್ನ ಆ ಕಾಂಕ್ರೀಟು ಕ್ಯೂಬು ಒಡೆದು ನೋಡೋ ಮಿಷನ್ನೇ ಕೆಟ್ಟಿದೆ ಅನ್ನು. ಈ ಕೆಟಾ ಊರಿನ ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತಿದೆ, ಪಾಪ! ತಕ್ಕಡಿನೂ ಅದರ ಜೋಡಿನೇ. ಅದು ತೂಕ ಜಾಸ್ತಿ ತೋರಿಸ್ತು ಅಂತ ನನ್ ಮೇಲೆ ಎಗರ್ತೀಯಲ್ಲ...

ಗೊತ್ತು, ಗೊತ್ತು. ನನಗೆ ಪಾಠ ಹೇಳ್ಬೇಡ. ಸಂತೆ ಕಟ್ಟಡದ ಚಾವಣಿ ಹಳೇದು, ಭಾರ ತಡೆಯಲ್ಲ. ಅದಕ್ಕೇ ಅದರ ಮೇಲೆ ನೊರೆ ಕಾಂಕ್ರೀಟು. ಒಳಗೆಲ್ಲ ತೂತು ತೂತು, ನೀರಿಗೆ ಹಾಕಿದ್ರೆ ತೇಲ್ಬೇಕು. ನಮ್ಮ ಕೆಲಸದೋರು ಅದನ್ನ ಬ್ರೆಡ್ಡು ಅಂತಾನೇ ಕರೆಯೋದು.

ಯಾವ ನೊರೆ ಅಂದ್ರೆ? ನೊರೆ ಅಂದ್ರೆ ನೊರೆ! ಅಕ್ರಾದಿಂದ ಬರೋ ಔಷಧಿನೇ ಹಾಕ್ಬೇಕು ಅಂತ ಯಾವ ದೇವ್ರು ಹೇಳಿದ್ದಾನೆ? ಲಾರಿ ಬರಲಿಲ್ಲ. ಅಂಗಡೀಲಿ ಬಟ್ಟೆ ಸೋಪು ಇತ್ತು. ಡ್ರಮ್ಮು ತುಂಬಾ ನೊರೆ ಬಂತು, ಕಣ್ಣಾರೆ ನೋಡಿದೀನಿ! ಸಿಮೆಂಟಿಗೆ ಬಿದ್ದ ಮೇಲೆ... ಸ್ವಲ್ಪ ಇಳೀತು. ಸ್ವಲ್ಪ ಕಣೇ! ನೀನು ಬಟ್ಟೆ ಒಗೆಯುವಾಗ ನೊರೆ ಇಳಿಯಲ್ವಾ?

ಹಂಗೆ ನೋಡ್ಬೇಡ. ನಾಳೆ ಸಂತೆ. ಆ ಚಾವಣಿ ಕೆಳಗೆ ಯಾರು ಕೂರೋದು ಗೊತ್ತಾ? ನಮ್ಮಮ್ಮ! ಹೊಗೆ ಹಾಕಿದ ಮೀನಿನ ಬುಟ್ಟಿ ಇಟ್ಕೊಂಡು, ನಟ್ಟನಡುವೆ. ಸ್ಕೂಲಿಂದ ನನ್ ಜೊತೆ ನಮ್ಮನೆಗೆ ಬಂದು ಅವಳ ಕೈಲೇ ಅಲ್ವಾ ನೀನು ಬೆಂಡೆಕಾಯಿ ಸಾರು, ಅಕ್ಪ್ಲೆ ಮುದ್ದೆ ತಿಂದು ಬೆಳೆದಿದ್ದು? ಹೆತ್ತ ತಾಯಿ ತಲೆ ಮೇಲೆ ಕಳಪೆ ಕೆಲಸ ಮಾಡ್ತಾನಾ ಈ ಸೆಲೋರ್ಮ್? ಸಂತೆಗೆ ಬೀಗ ಹಾಕಿಸ್ತೀಯಂತೆ! ಊರೋರು ಬಾಯಿ ಬಿಟ್ಟು ನಗ್ತಾರೆ ನಿನ್ನ ನೋಡಿ.

ಬಕೆಟ್ ಯಾಕೆ ತಂದೆ? ...ಓಹೋ, ತಕ್ಕಡಿ ಸರಿಯಿಲ್ಲ ಅಂದಿದ್ದಕ್ಕೆ ನೀರಾ! ಹಾಕು, ಹಾಕು ಆ ಕ್ಯೂಬನ್ನ. ಅಷ್ಟೆಲ್ಲ ಓದಿ ಕೊನೆಗೆ ಬಕೆಟ್ಟಲ್ಲಿ ಆಟ...

...

ನೀನು ಜೋರಾಗಿ ಹಾಕಿದೆ, ಅದಕ್ಕೇ ಮುಳುಗ್ತು. ಇನ್ನೊಂದು ಹಾಕು. ಮೆಲ್ಲಗೆ.

...

ಇದೂ ಮುಳುಗ್ತು... ಸರಿ, ಬೈಯಿ, ಬೇಕಾದ್ರೆ ಹೊಡಿ. ಫೋನ್ ಯಾರಿಗೆ? ಪೊಲೀಸರಿಗಾ? ಮಾಡು, ಮಾಡು, ನಾನೇನು ಹೆದರ್ತೀನಾ?

ಅಮ್ಮಂಗಾ?

ಬೇಡ. ಎಸಿನಾಮ್, ಅಮ್ಮಂಗೆ ಬೇಡ. ನಾಳೆ ಎಲ್ಲಿ ಕೂರ್ತೀಯ ಅಂತ ಅವಳನ್ನ ಕೇಳ್ಬೇಡ... ಇಡು ಫೋನು, ಕೈ ಮುಗೀತೀನಿ.

ಅವಳು ಅಲ್ಲಿ ಕೂರಲ್ಲ. ಹೊರಗೆ ಬೇವಿನ ಮರದ ಕೆಳಗೆ ಕೂತ್ಕೋ ಅಂತ ನಿನ್ನೆನೇ ಹೇಳಿದೀನಿ... ಅವಳೊಬ್ಬಳಿಗೇ ಹೇಳಿರೋದು.