ಹದಿನೆಂಟರ ಗೆರೆ

ದೀಪ ಸ್ವಲ್ಪ ಸಣ್ಣ ಮಾಡಿ. ಇದನ್ನ ಜೋರಾಗಿ ಹೇಳೋಕೆ ನನಗೆ ಆಗೋದಿಲ್ಲ.

ನನ್ನ ಚಿಕ್ಕಪ್ಪನ ಮಗ ಘಾಲಿಬ್‌ಗೆ ಆದದ್ದು. ಯೆಮನ್‌ನ ಹಜ್ಜಾ ಬೆಟ್ಟದಲ್ಲಿ, ನಮ್ಮೂರಲ್ಲೇ. ಅವತ್ತು ಸರಹೊತ್ತಿನಲ್ಲಿ ಮಳೆನೀರಿನ ಕೊಳದ ಪಕ್ಕ ಒಬ್ಬನೇ ಮನೆಗೆ ಬರ್ತಿದ್ದ. ಎಲ್ಲಿಂದ? ಮುಶ್ರಿಫನ ಮನೆಯಿಂದ. ಯುದ್ಧಕ್ಕೆ ಹುಡುಗರನ್ನ ಹಿಡಿದು ಕಳಿಸೋ ಆಸಾಮಿಗೆ ನಮ್ಮಲ್ಲಿ ಮುಶ್ರಿಫ್ ಅಂತಾರೆ. ಯಾವ ಪಕ್ಷದವನು ಅಂತ ಕೇಳಬೇಡಿ. ಮಕ್ಕಳನ್ನ ತಿನ್ನೋ ಬಾಯಿ ಯಾವ ಪಕ್ಷದ್ದಾದರೇನು!

ನಮ್ಮಲ್ಲಿ ಹುಟ್ಟಿದ ದಿನ ಬರೆದಿಡೋ ಅಭ್ಯಾಸ ಇಲ್ಲ. ಅದಕ್ಕೇ ಮುಶ್ರಿಫ್ ಶಾಲೆ ಗೋಡೆ ಮೇಲೆ ತನ್ನ ಭುಜದ ಎತ್ತರಕ್ಕೆ ಇದ್ದಲಿನಿಂದ ಒಂದು ಗೆರೆ ಎಳೆದಿದ್ದ. ತಲೆ ಗೆರೆ ಮುಟ್ಟಿತೋ, ಹದಿನೆಂಟು ತುಂಬಿದ ಗಂಡಸು. ಲಾರಿ ಹತ್ತು ಅಂತಿದ್ದ.

ಅದಕ್ಕೂ ಎರಡು ವರ್ಷ ಮುಂಚೆ ಘಾಲಿಬನ ದೊಡ್ಡ ಮಗ ನಾಶಿರ್‌ಗೆ ಎರಡು ಬೆರಳು ಎತ್ತರ ಸಾಲದೆ ಬಂತು. ಊರವರ ಮುಂದೆ ಹುಡುಗನಿಗೆ ಅವಮಾನ ಆಗಬಾರದು ಅಂತ ಈ ಪೆದ್ದ ಅಪ್ಪ ತನ್ನ ಹಸಿರು ಲುಂಗಿ ಹರಿದು ಅವನ ಶೂ ಒಳಗೆ ತುರುಕಿದ. ನಗ್ತಾ ನಗ್ತಾ. ಹುಡುಗ ಗೆರೆ ಮುಟ್ಟಿದ. ಹನ್ನೆರಡು ವರ್ಷದವನು! ತಿಂಗಳೊಳಗೆ ಹುತಾತ್ಮ ಅಂತ ಗೋಡೆಗೆ ಅಂಟಿಸೋಕೆ ಅವನ ಫೋಟೊ ಬಂತು. ಹೆಣ ಬರಲಿಲ್ಲ.

ಆಮೇಲೆ ಚಿಕ್ಕವನ ಸರದಿ, ಶಾಯಿಫ್. ಹನ್ನೊಂದು. ಬೆಳಗಾದರೆ ಅವನನ್ನ ಗೆರೆಗೆ ನಿಲ್ಲಿಸೋ ದಿನ. ಘಾಲಿಬ್ ಹೋಗಿ ಕಾಲು ಹಿಡಿದ. ಮುಶ್ರಿಫ್ ಖಾತ್ ಅನ್ನೋ ಮತ್ತಿನ ಎಲೆ ಅಗೀತಾ ನಕ್ಕನಂತೆ. "ದೊಡ್ಡವನಿಗೆ ನೀನೇ ಎತ್ತರ ಕೂಡಿಸಿದ್ದೆಯಲ್ಲೋ, ಈಗೇನು ಹೊಸ ರಾಗ?"

ಹಾಗೆ ವಾಪಸ್ ಬರ್ತಾ, ಕೊಳದ ಮೆಟ್ಟಿಲ ಹತ್ತಿರ... ಪಚ್... ಪಚ್... ಒದ್ದೆ ಬಟ್ಟೆ ತುಂಬಿದ ಶೂ ಕಲ್ಲಿನ ಮೇಲೆ ಊರಿದ ಸದ್ದು. ಇವನು ನಿಂತರೆ ಅದೂ ನಿಲ್ಲತ್ತೆ.

"ಅಪ್ಪಾ..."

ಘಾಲಿಬ್ ಕತ್ತು ತಿರುಗಿಸಹೋದ. "ನಾಶಿರ್?"

"ತಿರುಗಬೇಡ... ತಮ್ಮನ ತಲೆ ಗೆರೆಗೆ ಮುಟ್ಟತ್ತಾ?"

"ಮುಟ್ಟತ್ತೆ ಕಂದಾ."

"ಶೂ ಇಲ್ಲದೇನೂ?"

"...ಹೂಂ."

ಆಮೇಲೆ, "ನಂಗೆ ಮುಟ್ಟಿರಲಿಲ್ಲ ಅಪ್ಪಾ" ಅಂತು ದನಿ.

ಪಚ್... ಪಚ್... ಸದ್ದು ಶಾಲೆ ಕಡೆ ಹೋಯಿತು. ಅಲ್ಲಿಂದ ಇದ್ದಲು ಗೋಡೆಗೆ ಉಜ್ಜೋ ಸದ್ದು... ಕರ್ರ್... ಕರ್ರ್...

ಬೆಳಿಗ್ಗೆ ಇಡೀ ಊರೇ ನೋಡಿತು. ಹಳೇ ಗೆರೆ ಇಲ್ಲ. ಹೊಸ ಗೆರೆ ಬಾಗಿಲಿಗಿಂತ ಮೇಲೆ, ಸೂರಿನ ಹತ್ತಿರ. ಮುಶ್ರಿಫ್ ಕೂಗಾಡಿದ. "ಯಾವ ನಾಯಿ ಮಾಡಿದ್ದು ಇದು? ಏಣಿ ಎಲ್ಲಿ?"

ಘಾಲಿಬನ ತಾಯಿ, ನನ್ನ ತಖಿಯಾ ಚಿಕ್ಕಮ್ಮ, ಹೆಂಗಸರನ್ನ ಕಟ್ಟಿಕೊಂಡು ಮುಂದೆ ಬಂದಳು. ಮೊಮ್ಮಗನ ಕೈ ಬಿಟ್ಟಿರಲಿಲ್ಲ. "ಗೆರೆ ಮುಟ್ಟಿದವನೇ ಗಂಡಸು ಅಂತ ತಾನೇ ನಿನ್ನ ಕಾನೂನು? ಬಾರೋ, ಮೊದಲು ನೀನು ನಿಂತು ತೋರಿಸು!"

ಹೆಂಗಸರು ನಕ್ಕರು. ಅವನು ಇದ್ದಲು ತಗೊಂಡು ಮತ್ತೆ ಭುಜದ ಎತ್ತರಕ್ಕೆ ಗೀಚಿದ. ಇದ್ದಲು ಪುಡಿಪುಡಿಯಾಯ್ತು, ಸುಣ್ಣದ ಗೋಡೆಗೆ ಹತ್ತಲೇ ಇಲ್ಲ. ಇನ್ನೊಂದು ತುಂಡು. ಅದೂ ಇಲ್ಲ. ಕೊನೆಗೆ ಕೈ ಕೊಡವಿಕೊಂಡು ಖಾಲಿ ಲಾರಿ ಹತ್ತಿ ಹೋದ.

ಎಲ್ಲಿಗೆ? ಪಕ್ಕದ ಊರಿಗೆ. ಅಲ್ಲೂ ಶಾಲೆ ಇದೆ, ಅಲ್ಲೂ ಗೋಡೆ ಇದೆ. ಅದನ್ನ ನೆನೆದರೆ ನನಗೆ ದೆವ್ವದ ಭಯ ಇರಲಿ, ಹೊಟ್ಟೆ ಉರಿಯತ್ತೆ.

ಸುಳ್ಳು ಅಂತೀರಾ? ಗೋಡೆ ಬುಡದಲ್ಲಿ ಎರಡು ಒದ್ದೆ ಬಟ್ಟೆ ಉಂಡೆ ಬಿದ್ದಿದ್ದವು. ನಾನೇ ಕೈಯಾರೆ ಬಿಡಿಸಿದೆ. ಹಸಿರು ಲುಂಗಿ ತುಂಡು. ಚಿಕ್ಕಮ್ಮ ಅವನ್ನ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ ಮೂರು ವರ್ಷ ಆಯ್ತು. ಬಂದು ಮುಟ್ಟಿ ನೋಡಿ... ಇನ್ನೂ ಒಣಗಿಲ್ಲ.